ಅಪ್ಪನ ತೊಗಲು ಚೀಲ

ಅರಕಲಗೂಡಿನ ಮಳೆಗಾಲಕ್ಕೆ ಯಾವುದನ್ನೂ ಬಿಡುವ ಮನಸ್ಸಿಲ್ಲ. ಉಪ್ಪಿನಕಾಯಿ ಜಾಡಿ, ಪುಸ್ತಕದ ರಟ್ಟು, ಮದುವೆಗೆಂದು ಕೊಂಡ ಚಪ್ಪಲಿ, ಎಲ್ಲಕ್ಕೂ ಬೂಷ್ಟು. ಹೋದ ವರ್ಷ ಆಷಾಢದಲ್ಲಿ ಅಟ್ಟ ಗುಡಿಸುವಾಗ ಅಪ್ಪನ ಚೀಲ ಸಿಕ್ಕಿತು. ಮೈಯೆಲ್ಲ ಬೆಳ್ಳಗೆ, ಬೂದಿ ಬಳಿದಂತಿತ್ತು.

ಅಪ್ಪ ಖಾಸಗಿ ಬಸ್ಸಿನ ಕಂಡಕ್ಟರ್. ಹಾಸನ, ಹೊಳೆನರಸೀಪುರ, ಅರಕಲಗೂಡು ಅವರ ದಾರಿ. ಹೆಗಲಿಗೆ ಆ ಚೀಲ, ಕಿವಿಯ ಸಂದಿನಲ್ಲಿ ಪೆನ್ನು. ರಾತ್ರಿ ಮನೆಗೆ ಬಂದರೆ ಚಿಲ್ಲರೆಯನ್ನು ಜಗಲಿಯಲ್ಲೇ ಎಣಿಸಿ, ಚೀಲವನ್ನು ಅಲ್ಲೇ ಮೊಳೆಗೆ ತಗುಲಿಹಾಕಬೇಕು. ತೊಗಲು ಒಳಗೆ ಬರಕೂಡದೆಂಬುದು ಅಮ್ಮನ ಶಾಸನ. ಅದರೊಳಗಿನ ಕಾಸು ಮಾತ್ರ ನೇರವಾಗಿ ದೇವರ ಗೂಡಿನ ಡಬ್ಬಿಗೆ ಹೋಗುತ್ತಿತ್ತು. ಭಜನೆಯ ದಿನ ಮೃದಂಗವೂ ಒಳಗೆ ಬರುತ್ತಿತ್ತು. ಅದಕ್ಕೆ ಯಾವ ತೊಗಲು ಬಿಗಿದಿದ್ದಾರೆಂದು ಕೇಳಿ ನಾನೊಮ್ಮೆ ಬೈಸಿಕೊಂಡಿದ್ದೆ.

ಅಪ್ಪ ಹೋಗಿ ಹನ್ನೊಂದು ವರ್ಷ. ಚೀಲ ಕಂಡೊಡನೆ ಅದನ್ನು ಮತ್ತೆ ಹೊಸದು ಮಾಡಬೇಕೆಂಬ ಆವೇಶ ಬಂತು. ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಸೋಪಿನ ಪುಡಿ ಹಾಕಿ ಬ್ರಷ್ಷಿನಿಂದ ತಿಕ್ಕಿದೆ. ಮಳೆ ಬಿಟ್ಟ ದಿನ ಬಿಸಿಲಿಗೆ ಹಾಕಿದೆ. ಸಂಜೆಗೆ ಅದು ಸುಟ್ಟ ಹಪ್ಪಳದಂತೆ ಮುರುಟಿತ್ತು. ಗಾಬರಿಯಿಂದ ಕೊಬ್ಬರಿ ಎಣ್ಣೆ ಸುರಿದೆ. ಅಲ್ಲಲ್ಲಿ ಕಪ್ಪು ಕಲೆ ಎದ್ದಿತು. ಚಳಿಗಾಲದಲ್ಲಿ ಹೊಲಿಗೆಯ ಸಂದುಗಳಲ್ಲಿ ಬೆಳ್ಳಗಿನದು ಕಂಡಾಗ ಮತ್ತೆ ಬೂಷ್ಟೆಂದುಕೊಂಡೆ; ನೋಡಿದರೆ ಹೆಪ್ಪುಗಟ್ಟಿದ ಎಣ್ಣೆ.

ಹಾಸನಕ್ಕೆ ಹೋದಾಗ ರಸ್ತೆ ಬದಿ ಚಪ್ಪಲಿ ಹೊಲಿಯುವ ವಯಸ್ಸಾದವರೊಬ್ಬರ ಮುಂದೆ ಅದನ್ನಿಟ್ಟೆ. ಅವರು ಮೂಸಿದರು, ಮಡಿಸಿ ನೋಡಿದರು.

"ಅಮ್ಮಾವ್ರೇ, ಇದೇನು ಬಟ್ಟೇನಾ? ನಮ್ ಮೈಗೆ ಸೋಪಿನ ಪುಡಿ ಹಾಕಿ ಉಜ್ಜಿ ಬಿಸ್ಲಲ್ಲಿ ಕೂರ್ಸುದ್ರೆ ಬಿರಿಯಾಕಿಲ್ವಾ?"

ಕೂತುಕೊಳ್ಳಲು ಪುಟ್ಟ ಮಣೆಯೊಂದನ್ನು ಸರಿಸಿದರು. ಕೂತೆ. ಕೂತಮೇಲೆ ಬೇಡದ ನೆನಪೊಂದು ಬಂತು.

1996ರಲ್ಲಿ ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಶಾಲೆಗೆ ಹೊಸದಾಗಿ ಸೇರಿದ್ದೆ. ತರಗತಿಯಲ್ಲಿ ಚಪ್ಪಲಿಯ ಬಾರು ಕಿತ್ತುಹೋಯಿತು. ಎಂಟನೆಯ ತರಗತಿಯ ಹುಡುಗನೊಬ್ಬನನ್ನು ಕರೆದು, "ನಿಮ್ಮಪ್ಪನೇ ಹೊಲಿಯೋದಲ್ವೇನೋ, ತಗೊಂಡು ಹೋಗು" ಎಂದೆ. ಎಲ್ಲರ ಎದುರಿಗೆ. ಹಿಂದಿನ ಬೆಂಚಿನಿಂದ ಯಾರೋ ನಕ್ಕರು. ಹಿಂದಿನ ವಾರವಷ್ಟೇ ಅದೇ ಮಕ್ಕಳಿಗೆ ಹನ್ನೆರಡನೆಯ ಶತಮಾನದ ಶರಣ ಹರಳಯ್ಯನವರ ಕಥೆ ಹೇಳಿದ್ದೆ. ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂದು ಹೇಳುವಾಗ ನನ್ನ ಗಂಟಲೂ ಕಟ್ಟಿತ್ತು. ಮೂರು ದಿನ ಆ ಹುಡುಗ ಬರಲಿಲ್ಲ. ನಾಲ್ಕನೆಯ ದಿನ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ತಂದು ಮೇಜಿನ ಕೆಳಗಿಟ್ಟ. ದುಡ್ಡು ಕೊಡಹೋದರೆ, "ಅಪ್ಪ ಬೇಡ ಅಂದ್ರು ಟೀಚರ್" ಎಂದ. ಮುಖ ನೋಡಲಿಲ್ಲ. ಹೊಲಿಗೆ ಬಲು ಚೆನ್ನಾಗಿತ್ತು, ನಾಲ್ಕು ವರ್ಷ ಬಂತು. ನಾನು ಅವನಿಗೆ ಒಂದು ಮಾತೂ ಹೇಳಲಿಲ್ಲ. ನನಗೆ ಆಗ ವರ್ಗವಾಗಿದ್ದಿದ್ದರೆ ಒಳ್ಳೆಯದಿತ್ತು ಎನಿಸುತ್ತದೆ. ಎರಡು ವರ್ಷ ಅವನ ಎದುರಿಗೇ ಪಾಠ ಮಾಡಿದೆ.

ಹಾಸನದವರು ಹೇಳಿಕೊಟ್ಟದ್ದು ಇಷ್ಟು. ಬೂಷ್ಟನ್ನು ಮನೆಯ ಹೊರಗೆ, ಒಣ ಬಟ್ಟೆಯಿಂದ ಒರೆಸಬೇಕು. ಆಮೇಲೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ. ಒಲೆಯ ಪಕ್ಕವೂ ಅಲ್ಲ, ಬಿಸಿಲೂ ಅಲ್ಲ, ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ಒಣಗಲಿ. ನಂತರ ಹರಳೆಣ್ಣೆ, ಅದೂ ಬಟ್ಟೆಗೆ ನಾಲ್ಕು ತೊಟ್ಟು ಹಾಕಿ, ಮೊದಲು ಮೂಲೆಯಲ್ಲಿ ಸವರಿ ಬಣ್ಣ ನೋಡಿಕೊಂಡು, ತೆಳ್ಳಗೆ. ರಾತ್ರಿ ಬಿಟ್ಟು ಬೆಳಿಗ್ಗೆ ಉಳಿದದ್ದನ್ನು ಒರೆಸಿ ತೆಗೆಯಬೇಕು. ತೊಗಲಿನ ಎಳೆಗಳ ನಡುವಿನ ಜಿಡ್ಡು ಆರಿದರೆ ಎಳೆಗೆ ಎಳೆ ಉಜ್ಜಿ ಬಿರುಕು ಬಿಡುತ್ತದೆ. ಎಣ್ಣೆಯ ಕೆಲಸ ಅಲ್ಲಿ. ಪಾಲಿಷ್ ಮೇಲಿನ ಹೊಳಪಿಗೆ. ಆದರೆ ಬಿಟ್ಟ ಬಿರುಕು ಮತ್ತೆ ಕೂಡುವುದಿಲ್ಲವಂತೆ. ಈಗಿನ ವ್ಯಾನಿಟಿ ಬ್ಯಾಗುಗಳಿಗೆ ಈ ಉಪಚಾರ ಬೇಡ. ಅವುಗಳ ಮೇಲೆ ಬಣ್ಣದ ಪದರವಿರುತ್ತದೆ, ಎಣ್ಣೆ ಒಳಗಿಳಿಯದೆ ಕೈಗೆ ಅಂಟುತ್ತದೆ.

"ಇದು ತಂಗಡಿ ಚಕ್ಕೆಲಿ ಹದ ಮಾಡಿದ್ದು, ಹಳೇ ಮಾಲು" ಎಂದರು. ಚನ್ನರಾಯಪಟ್ಟಣದ ಕಡೆ ಒಣ ಬಯಲಿನಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ. ಆ ಗಿಡದ ತೊಗಟೆಗೆ ಇಂಥ ಕೆಲಸವಿದೆಯೆಂದು, ಆ ಊರಿನಲ್ಲಿ ಅಷ್ಟು ವರ್ಷ ಓಡಾಡಿದರೂ ನನಗೆ ಗೊತ್ತಿರಲಿಲ್ಲ.

ಕಿತ್ತ ಬಾರು ಹೊಲಿದು ಅರವತ್ತು ರೂಪಾಯಿ ಕೇಳಿದರು. ಕೊಟ್ಟೆ. ಹೆಚ್ಚಿಗೆ ಕೊಡಬೇಕೆನಿಸಿತು, ಆದರೆ ಅದು ಇವರಿಗೆ ಕೊಡಬೇಕಾದ ಸಾಲವಲ್ಲ.

ಮೂರು ವಾರ, ವಾರಕ್ಕೊಮ್ಮೆ ಎಣ್ಣೆ ಸವರಿದೆ. ಚೀಲ ಮಡಿಸಿದರೆ ಬಾಗುವಷ್ಟಾಯಿತು. ಕಲೆಗಳು ಉಳಿದವು. ಒಳಗೆ ಹಳೆಯ ಪೇಪರು ತುಂಬಿ, ಪ್ಲಾಸ್ಟಿಕ್ ಕವರಿಗೆ ಹಾಕದೆ ನಡುಮನೆಯ ಮೊಳೆಗೆ ತಗುಲಿಹಾಕಿದೆ.

ಅಮ್ಮನಿಗೆ ಈಗ ಎಂಬತ್ತೆರಡು. "ಅದನ್ನ ಯಾಕೆ ಒಳಗೆ ತಂದೆ? ಜಗಲಿಗೆ ಹಾಕೇ" ಎಂದರು.

"ಜಗಲಿಗೆ ಎರಚಲು ಹೊಡೆಯುತ್ತೆ, ಮತ್ತೆ ಬೂಷ್ಟು ಬರುತ್ತೆ ಕಣಮ್ಮ."

ಅವರು ಮಾತಾಡಲಿಲ್ಲ. ಮಾರನೆಯ ದಿನ ಶಾಲೆಯಿಂದ ಬಂದಾಗ ಚೀಲ ಆ ಮೊಳೆಯಲ್ಲಿರಲಿಲ್ಲ. ಕಿಟಕಿಯ ಬಿಸಿಲು ಬೀಳುವ ಜಾಗವೆಂದು ಅಮ್ಮನೇ ಅದನ್ನು ತೆಗೆದು, ತಮ್ಮ ಮಂಚದ ಪಕ್ಕದ ಗೂಟಕ್ಕೆ ಹಾಕಿದ್ದರು.