ಬೆರಳಿಗಿಂತ ಮೊದಲು ಕಣ್ಣು

ಟೆಕ್ಕನ್, ಸ್ಟ್ರೀಟ್ ಫೈಟರ್‌ನಂಥ ಹೊಡೆದಾಟದ ಆಟಗಳನ್ನು ಆನ್‌ಲೈನ್‌ನಲ್ಲಿ ಹೊಸದಾಗಿ ಆಡುತ್ತಿರುವ ಯಾರನ್ನೇ ಕೇಳಿ, ‘ನನ್ನ ಕೈಗೆ ಸ್ಪೀಡ್ ಸಾಲದು’ ಎನ್ನುತ್ತಾರೆ. ಬೆಂಗಳೂರಿನ ನಾಗಸಂದ್ರದ ನಮ್ಮ ಬೀದಿಯಲ್ಲೂ ಇದೇ ಮಾತು. ಇಲ್ಲಿ ಮನೆಗೊಂದು ಮಹಡಿ, ಮಹಡಿಗೊಂದು ಬಾಡಿಗೆ ರೂಮು, ರೂಮಿಗೆ ಇಬ್ಬರೋ ಮೂವರೋ ಪೀಣ್ಯದ ಕಾರ್ಖಾನೆಗಳ ಹುಡುಗರು. ತುಮಕೂರು, ಶಿರಾ, ಹಿರಿಯೂರು ಕಡೆಯವರೇ ಜಾಸ್ತಿ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದು, ಸಾರು ಬಿಸಿ ಮಾಡಿಕೊಂಡು ಉಂಡು, ಮಲಗುವ ಮುಂಚೆ ಒಂದಿಷ್ಟು ಹೊತ್ತು ಆಡುತ್ತಾರೆ. ಹೆಚ್ಚಿನವರದು ಮೊಬೈಲಿನಲ್ಲಿ ಗುಂಪು ಕಟ್ಟಿಕೊಂಡು ಗುಂಡು ಹಾರಿಸುವ ಆಟ. ಅಲ್ಲೊಬ್ಬ ಇಲ್ಲೊಬ್ಬ ಮಾತ್ರ ಸೆಕೆಂಡ್ ಹ್ಯಾಂಡ್ ಪಿಎಸ್4 ತಂದಿಟ್ಟುಕೊಂಡು, ಇಬ್ಬರೇ ಎದುರುಬದುರು ನಿಂತು ಹೊಡೆದಾಡುವ ಈ ಹಳೇ ನಮೂನೆಯ ಆಟಕ್ಕೆ ಮನಸೋತಿರುತ್ತಾನೆ. ಅಂಥವರ ಜೊತೆ ಕೂತು ಆಡುವುದು, ಆಡುವುದನ್ನು ನೋಡುವುದು ನನಗೆ ಬಲು ಇಷ್ಟ. ನೋಡುತ್ತಾ ನೋಡುತ್ತಾ ನನಗೆ ಖಾತ್ರಿಯಾಗಿರುವುದು ಇಷ್ಟು: ಹೊಸಬರ ಬೆರಳಿಗೆ ಬೇಕಾದಷ್ಟು ವೇಗ ಇದ್ದೇ ಇರುತ್ತದೆ. ಪಳಗಬೇಕಾದದ್ದು ಕಣ್ಣು.

ಲೆಕ್ಕ ಹಾಕಿ ನೋಡೋಣ. ಈ ಆಟಗಳು ಸೆಕೆಂಡಿಗೆ 60 ಫ್ರೇಮ್‌ಗಳಂತೆ ಓಡುತ್ತವೆ. ಸ್ಟ್ರೀಟ್ ಫೈಟರ್ 6ರಲ್ಲಿ ಎಲ್ಲಕ್ಕಿಂತ ಚುರುಕಾದ ಗುದ್ದು ನಾಲ್ಕನೇ ಫ್ರೇಮಿಗೇ ಬಂದು ತಗಲುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಓಗೊಡಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್, ಅಂದರೆ 15 ಫ್ರೇಮ್ ಬೇಕು. ಹಾಗಾಗಿ ಆ ಗುದ್ದನ್ನು ಕಂಡು ತಡೆಯುವುದು ಯಾವ ಚಾಂಪಿಯನ್ನಿನ ಕೈಲೂ ಆಗುವುದಿಲ್ಲ. ಆದರೆ ಅದೇ ಆಟದಲ್ಲಿ ಬಣ್ಣ ಚೆಲ್ಲಿಕೊಂಡು ಮುನ್ನುಗ್ಗುವ ‘ಡ್ರೈವ್ ಇಂಪ್ಯಾಕ್ಟ್’ ಎಂಬ ಏಟು ಬಂದು ಮುಟ್ಟಲು 26 ಫ್ರೇಮ್ ಹಿಡಿಯುತ್ತದೆ. ಎದುರಾಳಿ ನಮ್ಮ ಮೇಲೆ ಹಾರಿ ಬಂದರೆ ಅವನು ಮತ್ತೆ ನೆಲ ಮುಟ್ಟಲು ಮುಕ್ಕಾಲು ಸೆಕೆಂಡಿನಷ್ಟು ಹೊತ್ತು ಬೇಕು. ಇವೆರಡಕ್ಕೂ ಉತ್ತರ ಕೊಡಲು ಯಾರಿಗೆ ಬೇಕಾದರೂ ಸಮಯ ಉಂಟು. ಹೊಸಬರ ರಕ್ತದ ಪಟ್ಟಿ ಖಾಲಿಯಾಗುವುದು ಬಹುಪಾಲು ಇವೆರಡರಿಂದಲೇ. ಕಾರಣ, ಅವರ ಕಣ್ಣು ತಮ್ಮ ಗೊಂಬೆಯ ಮೇಲೇ ನೆಟ್ಟಿರುತ್ತದೆ. ತಾನು ಒತ್ತಿದ ಬಟನ್ನಿಗೆ ತನ್ನವನು ಕೈ ಎತ್ತಿದನೋ ಇಲ್ಲವೋ ಎಂಬುದೇ ಅವರಿಗೆ ದೊಡ್ಡ ಚಿಂತೆ. ಎದುರಿನವನು ನೆಲ ಬಿಟ್ಟದ್ದು ಅರಿವಿಗೆ ಬರುವಷ್ಟರಲ್ಲಿ ಅವನ ಕಾಲು ಇವರ ತಲೆ ಮೇಲಿರುತ್ತದೆ.

ವೇಗವೇ ಎಲ್ಲ ಆಗಿದ್ದರೆ ಈ ಆಟ ಎಳೆಯರ ಸೊತ್ತಾಗಿಯೇ ಉಳಿಯಬೇಕಿತ್ತು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5 ಪದಕದ ಸ್ಪರ್ಧೆಯಾಗಿತ್ತು. ಭಾರತದಿಂದ ಮಯಾಂಕ್ ಪ್ರಜಾಪತಿ, ಅಯಾನ್ ಬಿಸ್ವಾಸ್ ಹೋಗಿದ್ದರು. ಚಿನ್ನ ಗೆದ್ದವರು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ. ಆಗ ಅವರ ವಯಸ್ಸು 44. ಕಬಡ್ಡಿಯಲ್ಲೋ ಓಟದಲ್ಲೋ ಆ ವಯಸ್ಸಿಗೆ ಕೋಚ್ ಆಗಿ ಕೂರುವುದು ವಾಡಿಕೆ. ಇನ್ನು 2004ರಲ್ಲಿ ಕ್ಯಾಲಿಫೋರ್ನಿಯಾದ ‘ಇವೋ’ ಪಂದ್ಯಾವಳಿಯಲ್ಲಿ ಜಪಾನಿನ ಡೈಗೊ ಉಮೆಹರಾ ಮಾಡಿದ್ದನ್ನು ಇವತ್ತಿಗೂ ಜನ ಮತ್ತೆ ಮತ್ತೆ ನೋಡುತ್ತಾರೆ. ಅವರು ಆಡಿಸುತ್ತಿದ್ದ ಕೆನ್ ಎಂಬ ಗೊಂಬೆಗೆ ಉಳಿದಿದ್ದದ್ದು ಗೆರೆಯಷ್ಟು ಜೀವ. ಎದುರಿಗಿದ್ದ ಜಸ್ಟಿನ್ ವಾಂಗ್ ತಮ್ಮ ಚುನ್-ಲೀಯಿಂದ ಒದೆಗಳ ಸುರಿಮಳೆಯನ್ನೇ ಬಿಟ್ಟರು. ಡೈಗೊ ಒಂದೂ ಬಿಡದೆ ಅಷ್ಟನ್ನೂ ತಡೆದು, ತಿರುಗಿ ಹೊಡೆದು ಆ ಸುತ್ತು ಗೆದ್ದರು. ಮೊದಲ ಒದೆಯನ್ನು ಕಂಡು ತಡೆಯಲು ಅಲ್ಲಿ ವೇಳೆಯೇ ಇರಲಿಲ್ಲ. ಅದು ಈಗ ಬರುತ್ತದೆ ಎಂದು ಡೈಗೊ ಮೊದಲೇ ಅರಿತಿದ್ದರು. ಜಸ್ಟಿನ್ ಯಾವಾಗ ಏನು ಮಾಡುತ್ತಾರೆಂಬುದನ್ನು ಅಷ್ಟು ಗಮನವಿಟ್ಟು ನೋಡಿದ್ದರು.

ಆದರೆ ಹೊಸಬರು ಮೊದಲು ಓಡುವುದು ಕಾಂಬೋ ಕಡೆಗೆ. ಯೂಟ್ಯೂಬ್ ತೆರೆದು, ಹನ್ನೆರಡು ಏಟಿನ ಸರಪಳಿಯೊಂದನ್ನು ಕಂಠಪಾಠ ಮಾಡಿ, ಟ್ರೈನಿಂಗ್ ಮೋಡಿನಲ್ಲಿ ಅಲುಗಾಡದ ಗೊಂಬೆಯ ಮೇಲೆ ರಾತ್ರಿಯೆಲ್ಲ ತಿಕ್ಕುತ್ತಾರೆ. ಪಂದ್ಯಕ್ಕೆ ಇಳಿದ ಮೇಲೆ ಮೊದಲ ಏಟು ತಗಲಿದರಲ್ಲವೇ ಉಳಿದ ಹನ್ನೊಂದು! ಕಾಂಬೋ ಹುಟ್ಟಿದ ಕತೆ ಇವರಿಗೆ ಗೊತ್ತಾಗಬೇಕು. 1991ರಲ್ಲಿ ಕ್ಯಾಪ್‌ಕಾಮ್ ಕಂಪನಿ ಸ್ಟ್ರೀಟ್ ಫೈಟರ್ 2 ಮಾಡುವಾಗ ಕಾಂಬೋ ಎಂಬುದು ಯೋಜನೆಯಲ್ಲೇ ಇರಲಿಲ್ಲ. ನಡುವೆ ಕಾರೊಂದನ್ನು ಒಡೆದು ಪುಡಿ ಮಾಡುವ ಬೋನಸ್ ಸುತ್ತು ಬರುತ್ತದಲ್ಲ, ಅದನ್ನು ಪರೀಕ್ಷೆ ಮಾಡುತ್ತಿದ್ದಾಗ ಒಂದು ಗುದ್ದು ಮುಗಿಯುವ ಮೊದಲೇ ಇನ್ನೊಂದು ಸೇರಿಕೊಳ್ಳುತ್ತಿರುವುದು ಅದನ್ನು ಮಾಡುತ್ತಿದ್ದವರಲ್ಲೊಬ್ಬರಾದ ನೊರಿಟಾಕಾ ಫುನಾಮಿಜು ಅವರ ಕಣ್ಣಿಗೆ ಬಿತ್ತು. ಇರಲಿ ಬಿಡಿ ಎಂದು ಹಾಗೇ ಉಳಿಸಿದರು. ಆಮೇಲೆ ಇಡೀ ಈ ಜಾತಿಯ ಆಟವೇ ಅದರ ಸುತ್ತ ಬೆಳೆಯಿತು. ಆಟದ ತಳಪಾಯ ಮಾತ್ರ ಬೇರೆ: ಎಷ್ಟು ದೂರ ನಿಲ್ಲಬೇಕು, ಯಾವಾಗ ಕೈ ಬೀಸಬೇಕು, ಯಾವಾಗ ಸುಮ್ಮನಿರಬೇಕು. ಅದು ಕಾಂಬೋಗಿಂತ ಮೊದಲೂ ಇತ್ತು, ಈಗಲೂ ಇದೆ.

ಪೀಣ್ಯದ ಹುಡುಗರಿಗೆ ನಾನು ಐಟಿಐನ ಮೊದಲ ದಿನಗಳನ್ನು ನೆನಪಿಸುತ್ತೇನೆ. ಫಿಟ್ಟರ್ ಟ್ರೇಡಿಗೆ ಸೇರಿದವನಿಗೆ ಮೊದಲು ಯಾರೂ ಮೆಷಿನ್ ಮುಟ್ಟಲು ಬಿಡುವುದಿಲ್ಲ. ಒಂದು ಫೈಲು, ಒಂದು ಎಂ.ಎಸ್. ತುಂಡು ಕೈಗೆ ಕೊಟ್ಟು ‘ಇದರ ಮುಖ ಮಟ್ಟ ಮಾಡು’ ಅನ್ನುತ್ತಾರೆ. ಉಜ್ಜುವುದು, ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುವುದು, ಸಂದಿಯಲ್ಲಿ ಬೆಳಕು ನುಸುಳಿದರೆ ಮತ್ತೆ ಉಜ್ಜುವುದು. ಭುಜ ಬಿದ್ದುಹೋಗುತ್ತದೆ. ಅಷ್ಟರಲ್ಲಿ ಕೂದಲೆಳೆಯಷ್ಟು ತಗ್ಗು ಎಲ್ಲಿದೆ ಎಂಬುದು ಕಣ್ಣಿಗೆ ತಾನಾಗಿ ಕಾಣತೊಡಗುತ್ತದೆ. ಆಮೇಲೆ ಅವನು ಸಿಎನ್‌ಸಿ ಮುಂದೆ ನಿಂತರೂ ಆ ಕಣ್ಣೇ ಅನ್ನ ಹಾಕುವುದು. ಆಟವೂ ಹಾಗೇ: ಒಂದು ವಾರಕ್ಕೆ ಒಂದೇ ಕೆಲಸ.

ಆ ಒಂದು ಕೆಲಸ ಯಾವುದು ಎಂದರೆ, ಹಾರಿ ಬರುವವನನ್ನು ಹೊಡೆದು ಇಳಿಸುವುದು. ರ‍್ಯೂ ಎಂಬ ಗೊಂಬೆ ಹಿಡಿದು ಆಡುವವರಾದರೆ ಕೂತು ಕೊಡುವ ಜೋರು ಗುದ್ದು ಒಂದು ಸಾಕು. ಟ್ರೈನಿಂಗ್ ಮೋಡಿನಲ್ಲಿ ಎದುರಿನ ಗೊಂಬೆಗೆ ಮೂರು ಚಲನೆಗಳನ್ನು ರೆಕಾರ್ಡ್ ಮಾಡಿಡಿ: ಒಮ್ಮೆ ನಡೆದು ಬರುವುದು, ಒಮ್ಮೆ ಕೂರುವುದು, ಒಮ್ಮೆ ಹಾರುವುದು. ಯಾವುದು ಯಾವಾಗ ಬರುತ್ತದೆ ಎಂಬುದನ್ನು ಆಟಕ್ಕೇ ಬಿಟ್ಟುಬಿಡಿ. ಹಾರಿದರೆ ಮಾತ್ರ ಗುದ್ದಬೇಕು, ಉಳಿದದ್ದಕ್ಕೆ ಕೈ ಕಟ್ಟಿ ನಿಲ್ಲಬೇಕು. ಈ ಕೈ ಕಟ್ಟಿ ನಿಲ್ಲುವುದೇ ಕಷ್ಟ. ಕೆಲವು ದಿನದಲ್ಲಿ ನೋಟ ತನ್ನಷ್ಟಕ್ಕೆ ನಮ್ಮ ಗೊಂಬೆಯನ್ನು ಬಿಟ್ಟು ಎದುರಾಳಿಯ ತಲೆಯ ಮೇಲಿನ ಖಾಲಿ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಪಂದ್ಯ ಸೋತರೂ ಪರವಾಗಿಲ್ಲ, ‘ಇವತ್ತು ಹಾರಿದವರಲ್ಲಿ ಎಷ್ಟು ಜನರನ್ನು ಇಳಿಸಿದೆ’ ಎಂಬುದೊಂದೇ ಅಂಕ. ರ‍್ಯಾಂಕ್ ತಾನಾಗಿ ಹಿಂದೆ ಬರುತ್ತದೆ.

ರೀಪ್ಲೇ ನೋಡುವ ಅಭ್ಯಾಸವೂ ಬೇಕು. ಶಿರಾ ಕಡೆಯ ಹುಡುಗನೊಬ್ಬ, ವಿಎಂಸಿ ಆಪರೇಟರ್, ಒಂದು ರಾತ್ರಿ ಒಬ್ಬನೇ ಎದುರಾಳಿಯ ಕೈಲಿ ಒಂದರ ಹಿಂದೊಂದು ಸೋಲುತ್ತಿದ್ದ. ಕಂಟ್ರೋಲರ್ ಮಂಚದ ಮೇಲೆ ಎಸೆದು ‘ಲ್ಯಾಗು ಅಣ್ಣ’ ಅಂದ. ರೀಪ್ಲೇ ಹಾಕು ಅಂದೆ. ಹಾಕಿದ. ಸ್ವಲ್ಪ ಹೊತ್ತು ನೋಡಿ, ನಿಲ್ಲಿಸಿ, ಹಿಂದಕ್ಕೆಳೆದ.

‘ಅಣ್ಣ, ನಾನು ಬಿದ್ದಾಗ ಇವ್ನು ಸುಮ್ಕೆ ನಿಂತವ್ನೆ ನೋಡಿ.’

‘ಯಾಕೆ ನಿಂತವ್ನೆ?’

ಇನ್ನೊಂದು ಸಲ ಹಿಂದಕ್ಕೆಳೆದ. ‘ನಾನು ಎದ್ದೇಟಿಗೆ ಮೇಲಕ್ಕೆ ಹಾರಿ ಗುದ್ದೋ ಶೋರ್‍ಯುಕೆನ್ ಹಾಕ್ತೀನಿ ಅಂತ ಅವ್ನಿಗೆ ಗೊತ್ತು. ಬ್ಲಾಕ್ ಮಾಡ್ಕಂಡು, ನಾನು ಕೆಳಕ್ಕೆ ಇಳಿಯೋ ಗಂಟ ಕಾದು ಹೊಡೀತವ್ನೆ.’

‘ಹಂಗಾದ್ರೆ?’

‘ಎದ್ದಾಗ ಸುಮ್ಕಿರ್ಬೇಕು.’

ಮುಂದಿನ ಪಂದ್ಯದಲ್ಲಿ ಅವನು ಎದ್ದು ಸುಮ್ಮನಿದ್ದ. ಎದುರಾಳಿ ಕಾದ, ಏನೂ ಬಾರದ್ದನ್ನು ಕಂಡು ತಾನೇ ಹಿಡಿಯಲು ಬಂದ, ಈ ಹುಡುಗ ಆ ಹಿಡಿತ ಬಿಡಿಸಿಕೊಂಡ. ಗೆದ್ದನೋ ಸೋತನೋ ನನಗೆ ಮರೆತಿದೆ. ಆದರೆ ಅವನ ಮುಖ ಅರಳಿದ್ದು ಮರೆತಿಲ್ಲ. ಪರದೆಯ ಆ ಬದಿಯಲ್ಲಿ ಯೋಚನೆ ಮಾಡುವ ಮನುಷ್ಯನೊಬ್ಬ ಕೂತಿದ್ದಾನೆ ಎಂಬುದು ಅವನಿಗೆ ಮೊದಲ ಸಲ ಕಂಡ ರಾತ್ರಿ ಅದು. ಟೆಕ್ಕನ್ 8ರಲ್ಲಿ ಇನ್ನೂ ಒಂದು ಅನುಕೂಲ ಇದೆ: ರೀಪ್ಲೇ ಓಡುತ್ತಿರುವಾಗಲೇ ಬೇಕಾದ ಜಾಗದಲ್ಲಿ ನಿಲ್ಲಿಸಿ, ಕಂಟ್ರೋಲ್ ಕೈಗೆ ತಗೊಂಡು, ‘ಇಲ್ಲಿ ಬೇರೆ ಏನು ಮಾಡಬಹುದಿತ್ತು’ ಎಂದು ಆಡಿ ನೋಡಬಹುದು. ಈ ಕಾಲದ ಹುಡುಗರಿಗೆ ಸಿಕ್ಕಿರುವ ಇಂಥ ಮೇಷ್ಟ್ರನ್ನು ಬಳಸಿಕೊಳ್ಳದೆ ಬಿಡಬಾರದು.

ಹಾಗೆಂದು ಲ್ಯಾಗು ಸುಳ್ಳಲ್ಲ. ಅದಕ್ಕೂ ಲೆಕ್ಕವಿದೆ. ಬೆಂಗಳೂರಿನಿಂದ ಟೋಕಿಯೋಗೆ ನೇರ ಗೆರೆ ಎಳೆದರೆ ಸುಮಾರು 6,600 ಕಿ.ಮೀ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರುವುದಕ್ಕೇ ನಾಲ್ಕು ಫ್ರೇಮ್ ಬೇಕು. ಕೇಬಲ್ ನೇರವಾಗಿ ಹೋಗುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಈ ತೊಂದರೆಗೆ ಟೋನಿ ಕ್ಯಾನನ್ ಎಂಬವರು ಕಂಡುಹಿಡಿದ ಜಿಜಿಪಿಓ ಎಂಬ ಉಪಾಯ ದೊಡ್ಡದು. ಎದುರಾಳಿಯ ಸುದ್ದಿ ಬರುವವರೆಗೆ ಕಾಯದೆ, ‘ಅವನು ಈಗ ಮಾಡುತ್ತಿರುವುದನ್ನೇ ಮುಂದುವರಿಸುತ್ತಾನೆ’ ಎಂದು ಊಹಿಸಿಕೊಂಡು ಆಟ ಮುಂದೆ ಓಡುತ್ತದೆ. ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ ತಿದ್ದಿಕೊಂಡು ಬರುತ್ತದೆ. ಇದಕ್ಕೆ ರೋಲ್‌ಬ್ಯಾಕ್ ಎನ್ನುತ್ತಾರೆ. 2019ರಲ್ಲಿ ಅದರ ಕೋಡನ್ನು ಅವರು ಎಲ್ಲರಿಗೂ ಬಿಟ್ಟುಕೊಟ್ಟರು. ಸ್ಟ್ರೀಟ್ ಫೈಟರ್ 6 ಓಡುವುದೂ ರೋಲ್‌ಬ್ಯಾಕ್ ಮೇಲೆಯೇ.

ಇಷ್ಟೆಲ್ಲ ಇದ್ದರೂ ಬಾಡಿಗೆ ಮನೆಯ ವೈಫೈ ಮುಂದೆ ಯಾವ ಉಪಾಯವೂ ನಡೆಯುವುದಿಲ್ಲ. ಒಂದು ರೌಟರಿಗೆ ಮೂರು ಮಹಡಿಯ ಫೋನುಗಳು ನೇತುಬಿದ್ದಿರುತ್ತವೆ. ವಿಳಂಬ ಒಂದೇ ಸಮ ಇದ್ದರೆ ಕಣ್ಣು ಹೊಂದಿಕೊಳ್ಳುತ್ತದೆ, ಗಳಿಗೆಗೊಂದು ಥರ ಆದರೆ ಕಣ್ಣು ಕಲಿತದ್ದೆಲ್ಲ ಕೆಡುತ್ತದೆ. ಓನರ್ ಹತ್ತಿರ ಮಾತಾಡಿ ರೌಟರಿನಿಂದ ನೇರ ಒಂದು ಲ್ಯಾನ್ ಕೇಬಲ್ ಎಳೆಸಿಕೊಳ್ಳಿ. ನಾಗಸಂದ್ರದಿಂದ ಮೆಟ್ರೊದ ಹಸಿರು ಮಾರ್ಗ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆ ನಡೆದು ಹೋಗುವಷ್ಟೇ ದೂರ. ಬೇಕಾದಷ್ಟು ಉದ್ದದ ಕೇಬಲ್ ಅಲ್ಲಿ ಸಿಗುತ್ತದೆ. ಹೊಸ ಕಂಟ್ರೋಲರಿಗೆ ದುಡ್ಡು ಕೂಡಿಡುವ ಮೊದಲು ಇದನ್ನು ಮಾಡಿ.

ನಾಗಸಂದ್ರದಂಥ ಊರಿನಲ್ಲಿ ಕೂತು ಎಲ್ಲಿಯವರೆಗೆ ಕಲಿಯಬಹುದು ಎಂದು ಹುಡುಗರು ಕೇಳುವುದುಂಟು. ನಾನು ಲಾಹೋರಿನ ಅರ್ಸಲಾನ್ ಆಶ್ ಹೆಸರು ಹೇಳುತ್ತೇನೆ. 2019ರವರೆಗೆ ಟೆಕ್ಕನ್ ಎಂದರೆ ಕೊರಿಯಾ, ಜಪಾನ್ ಅಷ್ಟೇ. ಆ ವರ್ಷ ಅವರು ವೀಸಾ ಗೋಳುಗಳನ್ನೆಲ್ಲ ದಾಟಿ ಜಪಾನಿಗೆ ಹೋಗಿ ಇವೋ ಜಪಾನ್ ಗೆದ್ದರು. ಅದೇ ವರ್ಷ ಅಮೆರಿಕದ ಇವೋ ಕೂಡ ಗೆದ್ದರು. ನಮ್ಮೂರಲ್ಲಿ ನನ್ನಂಥವರು ಇನ್ನೂ ಇದ್ದಾರೆ ಎಂದರು. ಕೊರಿಯಾದ ಹೆಸರಾಂತ ಆಟಗಾರ ‘ನೀ’ (Knee) ಪಾಕಿಸ್ತಾನಕ್ಕೇ ಹೋಗಿ ಆಡಿ, ಸೋತು, ಅದು ನಿಜವೆಂದು ಕಂಡರು. ಲಾಹೋರಿನವರು ಕಲಿತದ್ದು ಗೇಮ್ ಅಂಗಡಿಗಳಲ್ಲಿ, ಒಬ್ಬರ ಪಕ್ಕ ಒಬ್ಬರು ಕೂತು.

ಅಂಥ ಅಂಗಡಿಗಳು ನಮ್ಮಲ್ಲೂ ಇದ್ದವು. ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಬಡಾವಣೆಗಳಲ್ಲಿ ವಿಡಿಯೋ ಗೇಮ್ ಅಂಗಡಿ ಎಂದರೆ ಒಂದು ಶಟರ್, ಒಂದು ಫ್ಯಾನು, ಎರಡು ಮೂರು ಟಿವಿ. ಟೆಕ್ಕನ್ 3ಕ್ಕೆ ಸರದಿ ನಿಲ್ಲುತ್ತಿತ್ತು. ಎಡ್ಡಿ ಗಾರ್ಡೊ ಎಂಬ ಗೊಂಬೆ ಹಿಡಿದುಕೊಂಡು ಕಣ್ಣು ಮುಚ್ಚಿ ಬಟನ್ ಕುಟ್ಟುವವನೊಬ್ಬ ಎಲ್ಲ ಅಂಗಡಿಯಲ್ಲೂ ಇರುತ್ತಿದ್ದ. ಅವನನ್ನು ಒಂದು ದಿನ ಸೋಲಿಸುತ್ತಿದ್ದವನು ಹಿಂದೆ ನಿಂತಿದ್ದ, ಜೇಬಲ್ಲಿ ಕಾಸಿಲ್ಲದ ಹುಡುಗ. ಆಡಲು ದುಡ್ಡಿಲ್ಲದೆ ವಾರಗಟ್ಟಲೆ ಅವನು ಬರೀ ನೋಡಿದ್ದ. ಎಡ್ಡಿಯ ಕಾಲು ಯಾವಾಗ ತಗ್ಗಿನಲ್ಲಿ ಬರುತ್ತದೆ, ಯಾವಾಗ ಸುತ್ತಿ ನಿಲ್ಲುತ್ತದೆ ಎಂಬುದು ಅವನ ಕಣ್ಣಲ್ಲಿ ಕೂತುಬಿಟ್ಟಿತ್ತು. ಆನ್‌ಲೈನ್‌ನಲ್ಲಿ ಆಟ ಸಲೀಸಾಯಿತು, ಎದುರಾಳಿ ನಿಮಿಷದಲ್ಲಿ ಸಿಗುತ್ತಾನೆ. ಹಿಂದೆ ನಿಂತು ನೋಡುವ ಜಾಗ ಮಾತ್ರ ಹೋಯಿತು. ನನಗೆ ನಿಜವಾಗಿ ಬೇಸರವಾಗುವುದು ಅದಕ್ಕೆ.

ಮನೆಯವರ ಭಯವೂ ನನಗೆ ಅರ್ಥವಾಗುತ್ತದೆ. ಆನ್‌ಲೈನ್ ಗೇಮ್ ಎಂದರೆ ಊರಲ್ಲಿ ಅಪ್ಪ ಅಮ್ಮನಿಗೆ ಕಾಣುವುದು ರಮ್ಮಿ, ಸಾಲ, ಗೋಳು. ಹಣ ಕಟ್ಟುವ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ಕಾಯ್ದೆ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಕಾಯ್ದೆ ತಂದು ಹಣದ ಆಟಗಳನ್ನು ನಿಷೇಧಿಸಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಬೇರೆಯೇ ಮಾನ್ಯತೆ ಕೊಟ್ಟಿದೆ. ಇಬ್ಬರು ಹುಡುಗರು ಟೆಕ್ಕನ್ ಆಡುವುದರಲ್ಲಿ ಬಾಜಿ ಇಲ್ಲ. ನಿದ್ದೆಗೆಟ್ಟು ಆಡಿ ಬೆಳಿಗ್ಗೆ ಮೆಷಿನ್ ಮುಂದೆ ತೂಗಡಿಸಬೇಡ ಎಂದು ಗದರಿಸಿ, ಆ ಹಕ್ಕು ದೊಡ್ಡವರಿಗೆ ಇದೆ. ಆಟವನ್ನೇ ಜೂಜು ಎನ್ನಬೇಡಿ.

ಹೊಸದಾಗಿ ಶುರು ಮಾಡಿದವರಿಗೆ ಇಷ್ಟೇ ಹೇಳುತ್ತೇನೆ, ಬೀದಿಯಲ್ಲಿ ಇನ್ನಿಬ್ಬರನ್ನು ಹುಡುಕಿಕೊಳ್ಳಿ. ಬೀದಿಯಲ್ಲಿ ಸಿಗದಿದ್ದರೆ ಮೆಟ್ರೊ ಇದೆ, ಈಗ ರೈಲು ಮಾದಾವರಕ್ಕೂ ಹೋಗುತ್ತದೆ. ವಾರದ ರಜೆಯಲ್ಲಿ ಒಬ್ಬರ ರೂಮಿಗೆ ಒಬ್ಬರು ಬರುವುದು ಕಷ್ಟವಲ್ಲ. ಇಬ್ಬರು ಆಡಿ, ಒಬ್ಬ ಹಿಂದೆ ಕೂತು ನೋಡಲಿ. ಆಮೇಲೆ ಸರದಿ ಬದಲಾಯಿಸಿ.

ದಾಸರಹಳ್ಳಿ, ಎಂಟನೇ ಮೈಲಿ, ನಾಗಸಂದ್ರದ ಕಡೆ ಗೇಮಿಂಗ್ ಸೆಂಟರ್ ನಡೆಸುವವರಲ್ಲೂ ನನ್ನದೊಂದು ಬೇಡಿಕೆ ಇದೆ. ಆಡುವವರ ಹಿಂದೆ ಒಂದು ಬೆಂಚ್ ಹಾಕಿ. ಗಂಟೆಯ ಬಾಡಿಗೆ ಕೊಡದೆ ನೋಡುತ್ತಾ ಕೂರುವ ಹುಡುಗರನ್ನು ದಯವಿಟ್ಟು ಎಬ್ಬಿಸಿ ಕಳಿಸಬೇಡಿ.