ಅಮ್ಮನ ಅಂಗಾಲು

ಹಾಸಿಗೆಗೆ ಕಾಲು ಚಾಚಿದರೆ ಸಾಕು, ನಮ್ಮಮ್ಮನ ಅಂಗಾಲಲ್ಲಿ ಉರಿ ಶುರು. 'ಕೆಂಡ ತುಳಿದ ಹಾಗಿದೆ ಕಣೇ' ಎನ್ನುತ್ತಿದ್ದರು. ಹೊದಿಕೆ ತಾಗಿದರೂ ತಡೆಯದು. ಕಂಚಿನ ಬಟ್ಟಲಿಗೆ ತುಪ್ಪ ಸವರಿ ಪಾದ ತಿಕ್ಕಿದ್ದಾಯಿತು, ಹರಳೆಣ್ಣೆ ಹಚ್ಚಿದ್ದಾಯಿತು. ಆ ಹೊತ್ತಿಗೆ ತಂಪು, ಅಷ್ಟೇ.

ಡಾಕ್ಟರ ಪರೀಕ್ಷೆ ನೋಡಿ ನನಗೆ ಮೊದಲು ನಗು ಬಂತು. ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿ, ಗಾಳದ ದಾರದಂಥ ನೈಲಾನ್ ಎಳೆಯೊಂದನ್ನು ಪಾದದ ಅಲ್ಲಲ್ಲಿ ಒತ್ತಿ, 'ತಾಗಿದಾಗ ಹೇಳಿ' ಅಂದರು. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ಹೆಬ್ಬೆರಳ ಬುಡದಲ್ಲಿ ಎಳೆ ಬಾಗಿತು. ಅಮ್ಮ ಸುಮ್ಮನೆ ಕೂತೇ ಇದ್ದರು. ನನ್ನ ನಗು ನಿಂತಿತು.

ಉರಿಯುವ ಕಾಲಿಗೆ ಸ್ಪರ್ಶವೇ ತಿಳಿಯದೆಂದರೆ ಹೇಗೆ? ಅಮ್ಮನದು 15 ವರ್ಷದ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಿದ್ದರೆ ನರಗಳಿಗೂ ಅವನ್ನು ಪೋಷಿಸುವ ಸಣ್ಣ ರಕ್ತನಾಳಗಳಿಗೂ ಪೆಟ್ಟು. ದೇಹದ ಅತಿ ಉದ್ದದ ನರಗಳು ಪಾದಕ್ಕೆ ಹೋಗುವಂಥವು. ಹಾಗಾಗಿ ತೊಂದರೆ ಕಾಲ್ಬೆರಳಲ್ಲಿ ಶುರುವಾಗಿ, ಕಾಲುಚೀಲ ಎಳೆದಂತೆ ಮೇಲೇರುತ್ತದೆ. ಕೆಟ್ಟ ನರ ಇಲ್ಲದ ಬೆಂಕಿಯ ಸುದ್ದಿ ಕಳಿಸುತ್ತದೆ, ಇದ್ದ ಮುಳ್ಳಿನ ಸುದ್ದಿ ಮುಚ್ಚಿಡುತ್ತದೆ.

ಎಲ್ಲರ ಉರಿಗೂ ಸಕ್ಕರೆಯೇ ಕಾರಣವಲ್ಲ. ಬಿ12 ಕೊರತೆ, ಥೈರಾಯ್ಡ್, ಕುಡಿತ, ಕುಷ್ಠ, ಹೀಗೆ ಹಲವು. ಅಮ್ಮ ಸಸ್ಯಾಹಾರಿ, ಜೊತೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರು. ಎರಡರಿಂದಲೂ ಬಿ12 ಇಳಿಯಬಹುದು, ಇಳಿದೂ ಇತ್ತು. ಅದಕ್ಕೆ ಇಂಜೆಕ್ಷನ್, ಉರಿಗೆ ರಾತ್ರಿ ಪ್ರಿಗ್ಯಾಬಲಿನ್ ಮಾತ್ರೆ. ಮೊದಮೊದಲು ತೂಕಡಿಕೆ, ತಲೆಸುತ್ತು. ಬಚ್ಚಲಿಗೆ ಹೋಗಲು ಕೈಹಿಡಿಯಬೇಕಿತ್ತು. ಈಗ ನಿದ್ದೆ ಬರುತ್ತಿದೆ. ಮಾತ್ರೆ ಉರಿ ತಗ್ಗಿಸುತ್ತದೆ, ನರವನ್ನು ರಿಪೇರಿ ಮಾಡುವುದಿಲ್ಲ. ಸಕ್ಕರೆ ಹತೋಟಿ ತಪ್ಪಿದ್ದಲ್ಲ.

ಉರಿಗಿಂತ ನನಗೆ ಹೆಚ್ಚು ಹೆದರಿಕೆ ಜೋಮಿನದು. ಸಂಕ್ರಾಂತಿಯ ದಿನ ಅಮ್ಮ ಚಪ್ಪಲಿಯೊಳಗೆ ಕಲ್ಲಿದ್ದದ್ದೇ ತಿಳಿಯದೆ ಬೀದಿಯೆಲ್ಲ ಎಳ್ಳು ಬೀರಿ ಬಂದರು. 'ಕಾಲು ಹಾಯಾಗಿದೆ' ಎಂಬ ಖುಷಿ ಬೇರೆ! ನೋಡಿದರೆ ಅಂಗಾಲಲ್ಲಿ ಬೊಬ್ಬೆ. ಇಂಥ ಗಾಯವೇ ಹುಣ್ಣಾಗಿ ಬೆರಳು ಕಳೆದುಕೊಂಡವರಿದ್ದಾರೆ. ಅಮ್ಮನದು ಮಾಯಲು ಮೂರು ವಾರ ಹಿಡಿಯಿತು.

ಈಗ ಮನೆಯೊಳಗೂ ಮೆತ್ತನೆಯ ಚಪ್ಪಲಿ, ಅದನ್ನೂ ಕೊಡವಿಯೇ ಹಾಕುವುದು. ಸ್ನಾನದ ನೀರಿಗೆ ಮೊದಲು ಮೊಣಕೈ. ಬಿಸಿನೀರಿನ ಚೀಲ ಅಟ್ಟ ಸೇರಿದೆ. ಶಾಲೆಯಿಂದ ಬಂದ ನನ್ನ ಮಗಳಿಗೆ ದಿನಾ ಅಜ್ಜಿಯ ಪಾದ ತಪಾಸಣೆಯ ಕೆಲಸ, ಬೆರಳ ಸಂದಿಗಳೂ ಸೇರಿ. 'ಹಿಮ್ಮಡೀಲಿ ಒಂದು ಬಿರುಕಿದೆ' ಎಂದು ನಿನ್ನೆ ವರದಿ ಬಂತು. ಕೊಬ್ಬರಿ ಎಣ್ಣೆ ಹಚ್ಚಿದೆವು.