ಲ್ಯಾಮಿಂಗ್ಟನ್ ರೋಡಿನಲ್ಲಿ ಅಪ್ಪನ ಪೇಟಿ

ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವದ ಕಡೆ ಇಳಿದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡು. 1903ರಿಂದ 1907ರವರೆಗೆ ಮುಂಬಯಿ ಪ್ರಾಂತದ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರು. ಕಾಗದದ ಮೇಲೆ ಈಗ ಅದು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ಜನರ ಬಾಯಲ್ಲಿ ಮಾತ್ರ ಹಳೆಯದೇ. ಕೇಬಲ್ಲು, ಸ್ಪೀಕರು, ಕಂಪ್ಯೂಟರಿನ ಬಿಡಿಭಾಗ, ಯಾವ ಯಂತ್ರದ್ದೆಂದು ಗೊತ್ತಾಗದ ಸರ್ಕ್ಯೂಟ್ ಬೋರ್ಡು - ಎಲೆಕ್ಟ್ರಾನಿಕ್ಸಿಗೆ ಸಂಬಂಧಪಟ್ಟದ್ದು ಇಲ್ಲಿ ಸಿಗದಿದ್ದರೆ ಮುಂಬಯಿಯಲ್ಲಿ ಬೇರೆಲ್ಲೂ ಸಿಗುವುದಿಲ್ಲ ಎಂಬುದು ಇಲ್ಲಿನವರ ನಂಬಿಕೆ.

ಅಕ್ಟೋಬರಿನ ಒಂದು ಶನಿವಾರ ನಾನು ಡೊಂಬಿವಲಿಯಿಂದ ಹೊರಟೆ. ಹೆಗಲ ಮೇಲೆ 61 ಪಟ್ಟಿಗಳ ಕೀಬೋರ್ಡು. ದಾದರಿನವರೆಗೆ ಲಗೇಜ್ ಡಬ್ಬಿ, ಅಲ್ಲಿಂದ ವೆಸ್ಟರ್ನ್ ಲೈನಿನ ಸ್ಲೋ ಲೋಕಲ್. ಜೇಬಿನಲ್ಲಿ ಒಂದು ಪೆನ್‌ಡ್ರೈವ್. ಅದರಲ್ಲಿ ಅಪ್ಪನ ಹಾರ್ಮೋನಿಯಂ.

ಅಪ್ಪ ಗದಗಿನ ಕಡೆಯ ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರ. ಕಾಲಿನಿಂದ ತುಳಿಯುತ್ತ ಎರಡೂ ಕೈಯಲ್ಲಿ ನುಡಿಸುವ ದೊಡ್ಡ ಪೇಟಿ ಅವರದು. ಅವರು ಹೋಗಿ ಒಂಬತ್ತು ವರ್ಷ ಅದು ಊರ ಮನೆಯ ಪಡಸಾಲೆಯಲ್ಲೇ ಇತ್ತು. ಈ ವರ್ಷ ಮನೆ ಮಾರಿದೆವು. ಪೇಟಿಗೆ ಒಳಗಿಂದ ಗೆದ್ದಲು ಹಿಡಿದಿತ್ತು. ಮುಂಬಯಿಯ ಒಂದೂವರೆ ಕೋಣೆಯ ಮನೆಗೆ ತರುವ ಮಾತೇ ಇರಲಿಲ್ಲ. ಅದು ಹೋಗುವ ಹಿಂದಿನ ಸಂಜೆ ತಂಗಿ ಪೆಡಲ್ ತುಳಿಯುತ್ತ, ಒಂದೊಂದೇ ಪಟ್ಟಿ ಒತ್ತಿ, ಒಂದು ಸಪ್ತಕವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದಳು. ಹನ್ನೆರಡರಲ್ಲಿ ಕೋಮಲ ನಿಷಾದ ಎಂದೋ ಸತ್ತಿತ್ತು. ಉಳಿದದ್ದು ಹನ್ನೊಂದು.

ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ರಂಗಗೀತೆಗಳಿಗೆ ಕೀಬೋರ್ಡು ನುಡಿಸುವವನು ನಾನು. ಆ ಹನ್ನೊಂದು ಸ್ವರಗಳನ್ನು ಕೀಬೋರ್ಡಿಗೆ ತುಂಬಿಸಿದರೆ ಅಪ್ಪನ ಪೇಟಿಯಲ್ಲೇ ನುಡಿಸಿದಂತೆ ಎಂದುಕೊಂಡೆ. ಹತ್ತು ದಿನ ರಾತ್ರಿ ಕೂತೆ. ಕೀಬೋರ್ಡು ಒಂದನ್ನೂ ಒಪ್ಪಲಿಲ್ಲ. ತಂಗಿಗೆ ಫೋನು ಮಾಡಿ, "ಇನ್ನೊಮ್ಮೆ ರೆಕಾರ್ಡ್ ಮಾಡಾಕ ಆಗ್ತದೇನ?" ಎಂದು ಕೇಳಿಬಿಟ್ಟೆ.

"ಅಣ್ಣಾ, ಪೇಟಿ ಹೋಗಿ ಎರಡ ವಾರ ಆತು," ಎಂದಳು.

ಲ್ಯಾಮಿಂಗ್ಟನ್ ರೋಡಿನ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಕೀಬೋರ್ಡು ರಿಪೇರಿ ಮಾಡುವ ಕಾಕಾ ಒಬ್ಬರಿದ್ದಾರೆ. ಎರಡು ಜನ ಕೂತರೆ ತುಂಬುವ ಅಂಗಡಿ. ನನ್ನ ಕತೆ ಪೂರ್ತಿ ಕೇಳಿ ಅವರು ಮೊದಲು ನೋಡಿದ್ದು ಕೀಬೋರ್ಡನ್ನಲ್ಲ, ಪೆನ್‌ಡ್ರೈವನ್ನು. 64 ಜಿಬಿಯದು, ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಫಾರ್ಮ್ಯಾಟ್ ಆದದ್ದು. ನನ್ನ ಕೀಬೋರ್ಡಿಗೆ ಫ್ಯಾಟ್32 ಮಾತ್ರ ಓದಲು ಬರುತ್ತದೆ. ಕಾಕಾ ಡ್ರಾಯರಿನಿಂದ 8 ಜಿಬಿಯ ಹಳೆಯದೊಂದನ್ನು ತೆಗೆದರು.

ಎರಡನೆಯದು ನನ್ನ ಜಾಣತನ. ಫೋನು ಎಂ4ಎ ಕಡತ ಕೊಟ್ಟಿತ್ತು; ನಾನು ಹೆಸರಿನ ಕೊನೆಗೆ ಡಾಟ್ ವೇವ್ ಎಂದು ತಿದ್ದಿದ್ದೆ. ಡಬ್ಬಿಯ ಮೇಲಿನ ಚೀಟಿ ಬದಲಿಸಿದರೆ ಒಳಗಿನ ಉಪ್ಪು ಸಕ್ಕರೆಯಾಗುತ್ತದೆಯೇ? ಕಾಕಾ ತಂಗಿ ಕಳಿಸಿದ ಮೂಲ ಕಡತಗಳನ್ನೇ ತರಿಸಿಕೊಂಡು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು 16 ಬಿಟ್ಟಿನ ನಿಜವಾದ ವೇವ್ ಮಾಡಿದರು. ಮೂರನೆಯದು ತಂಗಿಯ ಪ್ರೀತಿ. ಕಡತಗಳಿಗೆ ಅವಳು 'ಸ', 'ರಿ', 'ಗ' ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದಳು. ಕೀಬೋರ್ಡಿನ ಪುಟ್ಟ ಪರದೆಗೆ ಕನ್ನಡ ಬಾರದು. ಅವುಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಿಸುವಾಗ ಯಾಕೋ ಸಂಕಟವಾಯಿತು.

ಕೊನೆಗೂ ಪರದೆಯ ಮೇಲೆ ಹನ್ನೊಂದು ಹೆಸರು ಬಂದವು. ಷಡ್ಜ ಒತ್ತಿದೆ. ಪೇಟಿಯ ಧ್ವನಿಯೇ, ಆದರೆ ಜ್ವರ ಬಂದವರ ಹಾಗೆ ಸೋತಿತ್ತು. ಅಪ್ಪನ ಶ್ರುತಿ ಕಪ್ಪು ಎರಡು. ಇದು ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಎಲ್ಲೋ ತೂಗಾಡುತ್ತಿತ್ತು. ಕಾಕಾ ನಕ್ಕರು. ಫೋನು ಒಂದು ಸೆಕೆಂಡಿನ ಧ್ವನಿಯನ್ನು 48,000 ಚೂರು ಮಾಡಿ ಬರೆದುಕೊಂಡಿದೆ. ಕೀಬೋರ್ಡು ಸೆಕೆಂಡಿಗೆ 44,100ರಂತೆ ಓದುತ್ತಿದೆ. ಓದು ನಿಧಾನವಾದರೆ ಧ್ವನಿ ಇಳಿಯುತ್ತದೆ, ಲೆಕ್ಕಕ್ಕೆ ಸುಮಾರು ಒಂದೂವರೆ ಪಟ್ಟಿ. ದರವನ್ನು 44,100ಕ್ಕೆ ಪರಿವರ್ತಿಸಿ ಮತ್ತೆ ತುಂಬಿಸಿದರು. ಈ ಸಲ ಸ್ವರ ಒಂದು ಸಪ್ತಕ ಮೇಲೆ ಹೋಯಿತು! 60ನೇ ಸಂಖ್ಯೆಯ ಪಟ್ಟಿಯನ್ನು ಕೆಲವು ಕಂಪನಿಗಳು ಸಿ3 ಎಂದರೆ ಕೆಲವು ಸಿ4 ಎನ್ನುತ್ತವಂತೆ. ಅದನ್ನೂ ಸರಿಪಡಿಸಿ ಕಾಕಾ ಕೈ ಸನ್ನೆ ಮಾಡಿದರು.

ಒತ್ತಿದೆ. ಕಪ್ಪು ಎರಡು. ಸ್ವರದ ಹಿಂದೆ ಪೆಡಲಿನ ಕಿರ್ ಎಂಬ ಸದ್ದು. ಕೆಳಗೆ ರಸ್ತೆಯಲ್ಲಿ ಕೈಗಾಡಿಯವನು ದಾರಿ ಬಿಡಿ ಎಂದು ಕೂಗುತ್ತಿದ್ದ. ಸ್ವಲ್ಪ ಹೊತ್ತು ನನಗೆ ಬೆರಳು ಎತ್ತಲಾಗಲಿಲ್ಲ.

"ಆ ಕಿರಿಕಿರಿ ತೆಗೆಯಲೇ? ಎರಡು ನಿಮಿಷದ ಕೆಲಸ," ಎಂದರು ಕಾಕಾ.

"ಬೇಡ, ಇರಲಿ."

ಉಳಿದದ್ದು ಸತ್ತ ನಿಷಾದ. ಪಕ್ಕದ ಧೈವತವನ್ನೇ ಶೇಕಡಾ 6ರಷ್ಟು ವೇಗವಾಗಿ ಓಡಿಸಿದರೆ ಅದು ಕೋಮಲ ನಿಷಾದವಾಗುತ್ತದೆ. ಹಾಗೇ ಮಾಡಿದರು. ಪೆಡಲಿನ ಕಿರ್ ಕೂಡ ಅಲ್ಲಿ ತುಸು ಮೇಲಿನ ಶ್ರುತಿಯಲ್ಲಿ ಕೇಳುತ್ತದೆ.

ಹೊರಬಂದು ಹತ್ತಿರದ ರಾಯಲ್ ಆಪೆರಾ ಹೌಸಿನವರೆಗೆ ನಡೆದೆ. 1911ರ ರಂಗಮಂದಿರ. ವರ್ಷಗಟ್ಟಲೆ ಬಾಗಿಲು ಮುಚ್ಚಿದ್ದು, ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಅಪ್ಪ ನುಡಿಸಿದ ತಗಡಿನ ಥಿಯೇಟರುಗಳು ಒಂದು ಜಾತ್ರೆ ಮುಗಿದರೆ ಬಿಚ್ಚಿ ಇನ್ನೊಂದು ಜಾತ್ರೆಗೆ ಹೋಗುತ್ತಿದ್ದವು. ಅವಕ್ಕೆ ದುರಸ್ತಿಯೂ ಇಲ್ಲ, ಮರು ಉದ್ಘಾಟನೆಯೂ ಇಲ್ಲ.

ಆ ರಾತ್ರಿ ಫೋನನ್ನು ಸ್ಪೀಕರಿಗೆ ಹಾಕಿ ತಂಗಿಗೆ ಒಂದು ಹಳೆಯ ರಂಗಗೀತೆ ನುಡಿಸಿದೆ. ಮುಗಿದ ಮೇಲೂ ಆ ಕಡೆಯಿಂದ ಮಾತಿಲ್ಲ. ಕಾಲ್ ಕಟ್ಟಾಯಿತೇ ಎಂದು ನೋಡಿದೆ.

"ಅಣ್ಣಾ," ಎಂದಳು ಆಮೇಲೆ, "ಆ ನಿ ಎಲ್ಲಿಂದ ಬಂತು? ಅಪ್ಪ ಅದನ್ನ ಬಿಟ್ಟ ಬಾರಸ್ತಿದ್ದ."

ಹೌದಲ್ಲ! ಆ ಪಟ್ಟಿ ಸತ್ತ ಮೇಲೆ ಕೋಮಲ ನಿಷಾದ ಬರುವಲ್ಲಿ ಅಪ್ಪ ಒಂದು ಕ್ಷಣ ಕೈ ತಡೆದು ಮುಂದಿನ ಸ್ವರಕ್ಕೆ ಹೋಗುತ್ತಿದ್ದರು. ಆ ಜಾಗವನ್ನು ನಾವು ಮಕ್ಕಳು ಬಾಯಲ್ಲಿ ತುಂಬಿ ಹಾಡುತ್ತಿದ್ದೆವು. ಕೀಬೋರ್ಡಿನಿಂದ ಆ ಒಂದು ಸ್ವರ ಅಳಿಸಿದೆ. ರಾಜ್ಯೋತ್ಸವಕ್ಕೆ ತಂಗಿ ಗದಗಿನಿಂದ ಬರುತ್ತಿದ್ದಾಳೆ. ಅಲ್ಲಿ ಅವಳು ಹಾಡುತ್ತಾಳೆ.